ಕಮಾನು ತಿರುಗದ ಎಡಗಡೆ

"ಹೆಂಗಸರ ಕೈಲಿ ಸ್ಟೀಲ್ ಗಿಟಾರ್ ಆಗುತ್ತಾ?" ಎಂದು ಕೇಳಿದ ವಾದ್ಯತಂಡದ ಯಜಮಾನ, ಪಿಟೀಲುಗಾರ ಆರ್ವಿಲ್ ಟ್ಯಾಕೆಟ್.

"ನಿಮ್ಮ ಕೈಲಿ ಪಿಟೀಲು ಆಗುತ್ತೆ ಅಂತ ಇಡೀ ಟೆಕ್ಸಾಸ್ ನಂಬಿದೆ. ಇದನ್ನೂ ನಂಬಿ," ಎಂದಳು ತಂಡದಲ್ಲಿ ಕೆಲಸ ಕೇಳಿ ಬಂದಿದ್ದ ಲವೇಡಾ.

ಅಬಿಲೀನ್‌ನ ಆ ಕುಣಿತದ ಹಾಲ್‌ನಲ್ಲಿ ವಾದ್ಯದವರೆಲ್ಲ ಉಸಿರು ಬಿಗಿಹಿಡಿದರು. ಎದುರುತ್ತರ ಕೊಟ್ಟವರನ್ನು ಆರ್ವಿಲ್ ಊರಿನ ಬಸ್ಸು ಹತ್ತಿಸುವುದು ವಾಡಿಕೆ. ಇವಳನ್ನು ತಂಡದ ಬಸ್ಸು ಹತ್ತಿಸಿಕೊಂಡ.

ಆ ತಂಡದಲ್ಲಿ ಸ್ವರ ಬರೆದಿಡುವ ಪದ್ಧತಿಯಿಲ್ಲ. ಆರ್ವಿಲ್ ಪಿಟೀಲಿನ ಕಮಾನನ್ನು ಯಾರತ್ತ ಚಾಚುತ್ತಾನೋ ಹಾಡಿನ ಮುಂದಿನ ಸುತ್ತನ್ನು ಒಂಟಿಯಾಗಿ ನುಡಿಸುವ ಸರದಿ ಅವರದು. ಎರಡು ವರ್ಷ ಅದು ಅವನ ಎಡಗಡೆ ಕೂತ ಲವೇಡಾಳತ್ತಲೇ ಹೆಚ್ಚು ತಿರುಗಿತು. ತಂಡದವರ ಪಾಲಿಗೆ ಅದು ಬಹಿರಂಗ ಪ್ರೇಮಪತ್ರ.

ಆಮೇಲೆ ಅದು ಅವಳತ್ತ ತಿರುಗುವುದು ನಿಂತೇಹೋಯಿತು.

'ನಾನೇನು ತಪ್ಪು ಮಾಡಿದೆ...' ಕುಣಿಯುವವರೆದುರು ನಗುಮುಖ ಹೊತ್ತು ಅವಳು ಒಳಗೇ ಸುಡುತ್ತಿದ್ದಳು.

ಬಲಗಡೆ ಹೊಸ ಹಾಡುಗಾರ್ತಿ ನಿಲ್ಲುತ್ತಿದ್ದಳು. "ಈಗ ಬಲಗಡೆಯವರ ಕಾಲ ಕಣಮ್ಮ," ಎಂದ ಡ್ರಮ್ಸ್‌ನ ಹೋಬರ್ಟ್. ಅವನ ತಮಾಷೆಗೆ ಅವನೇ ನಗಬೇಕಾಯಿತು.

ಒಂದು ಮಧ್ಯಾಹ್ನ, ವೇಕೋ ಊರಿನ ಹಾಲ್‌ನಲ್ಲಿ, ಲವೇಡಾ ವೇದಿಕೆಯ ಹಿಂದಿನ ಕೋಣೆಗೆ ಹೋದಳು. ಆರ್ವಿಲ್ ಒಬ್ಬನೇ ಕೂತಿದ್ದ. ಅವನ ಎಡಮಗ್ಗುಲಲ್ಲಿ ನಿಂತು ಕೈಚಾಚಿದಳು. "ತಂಡ ಬಿಟ್ಟು ಹೊರಟೆ ಬಾಸ್. ಕೈಕುಲುಕಿ ಕಳಿಸಿ."

ಅವನು ಮುಖ ತಿರುಗಿಸದೆ ಕೈ ಚಾಚಿದ್ದು ಬಾಗಿಲ ಕಡೆಗೆ, ಅವಳು ಅಲ್ಲೇ ನಿಂತಿದ್ದಾಳೆಂಬಂತೆ.

"ಇಲ್ಲಿದೀನಿ..." ಅವಳ ದನಿ ಇಳಿಯಿತು. "ಎಡಗಣ್ಣು ಕಾಣಲ್ವಾ?"

ಅವನು ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡ. "ಲಬಕ್ ಊರಿನ ಹಾಲ್‌ನಲ್ಲಿ ಅಂದಾಜಿನ ಮೇಲೆ ನಿನ್ನ ಕಡೆ ಕಮಾನು ಚಾಚಿದೆ. ನೀನು ತಂತಿ ಬದಲಾಯಿಸ್ತಿದ್ದೆಯಂತೆ. ಇಡೀ ಸುತ್ತು ಖಾಲಿ ಹೋಯ್ತು. ಆಮೇಲೆ ಆ ಕಡೆ ತಿರುಗೋಕೇ ಭಯ."

"ನನ್ನ ಕುರ್ಚಿ ಬಲಗಡೆಗೆ ಹಾಕಿಸಬಹುದಿತ್ತಲ್ಲ."

"ಯಾಕೆ ಅಂತ ಕೇಳ್ತಾರೆ. ಗೊತ್ತಾದ್ರೆ ಯಾವ ಹಾಲ್‌ನವನು ಕರೀತಾನೆ? ಇನ್ನೊಂದು ಕಣ್ಣೂ ಹೋಗುತ್ತಂತೆ, ಲವೇಡಾ. ಡಾಕ್ಟರು ಹೇಳಿಯಾಯ್ತು. ಹೋಗ್ತೀನಿ ಅಂತಿದೀಯ, ಹೋಗು. ಕುರುಡನ ಕೈ ಹಿಡ್ಕೊಂಡು ಓಡಾಡೋಕೆ ನಿನ್ನ ತಡೀಲಾ?"

ಅಷ್ಟು ವಾರ ಹೊತ್ತ ಸಿಟ್ಟನ್ನು ಎಲ್ಲಿಡುವುದೋ ಅವಳಿಗೆ ತಿಳಿಯಲಿಲ್ಲ. ಕುರ್ಚಿಯೆಳೆದು ಅವನ ಬಲಮಗ್ಗುಲಿಗೆ ಹಾಕಿ ಕೂತಳು. ಅವನ ಮುಖ ತಾನಾಗಿ ಅವಳತ್ತ ತಿರುಗಿತು.

"ಇವತ್ತಿಂದ ನನ್ನ ಜಾಗ ಇದು."

"ಯಾಕೆ ಅಂತ ಕೇಳಿದ್ರೆ?"

"ಮದುವೆ ಆಗ್ತಿದೀವಿ ಅನ್ನಿ."

ಅವನು ತನ್ನ ಬಲಗಣ್ಣು ಮುಟ್ಟಿಕೊಂಡ. "ಈ ಕಣ್ಣು ಎಷ್ಟು ದಿನವೋ ಗೊತ್ತಿಲ್ಲ..."

"ಹಾಗಾದ್ರೆ ಈ ವಾರವೇ ಆಗೋಣ, ಆರ್ವಿಲ್. ಅವತ್ತು ನೀವು ನನ್ನ ನೋಡ್ಬೇಕು."