ಹಸಿರು ಗೌನಿನ ಎಡಪಕ್ಕ

ಮಂಗಳವಾರ ಬೆಳಿಗ್ಗೆ ವಸ್ತ್ರವಿನ್ಯಾಸಕ ಠಾಣೆಗೆ ಬಂದು, ಕೂರುವ ಮೊದಲೇ ದೂರು ಹೇಳಿದ: ಪ್ರದರ್ಶನ ಭವನದಿಂದ ಹಸಿರು ಗೌನ್ ಕಳುವಾಗಿದೆ. ಯಾವ ಗೌನ್ ಎಂದು ಯಾರೂ ಕೇಳಲಿಲ್ಲ. ಹದಿನೆಂಟು ವರ್ಷದ ಹಿಂದೆ ನಟಿಯೊಬ್ಬಳು ಪ್ರಶಸ್ತಿ ಸಮಾರಂಭದ ಕೆಂಪು ಹಾಸಿನ ಮೇಲೆ ಅದನ್ನು ತೊಟ್ಟು ನಡೆದಿದ್ದಳು. ಮರುವಾರದಿಂದ ದರ್ಜಿಗಳೆಲ್ಲ ಅದೇ ಹಸಿರು, ಅದೇ ಹಿಡಿಯಷ್ಟು ಸೊಂಟ ಹೊಲಿಯತೊಡಗಿದರು. ಎಡಗೈಯನ್ನು ಪಕ್ಕೆಗೆ ಒತ್ತಿ ನಿಂತ ಅವಳ ಭಂಗಿಯೂ ಫ್ಯಾಷನ್ನಾಯಿತು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಭವನಕ್ಕೆ ಹೋದರು. ಬರಿಮೈ ಬೊಂಬೆ ನಿಂತಿತ್ತು, ಮುಂದಿನ ಫಲಕದಲ್ಲಿ ಗೌನಿನ ಸೊಂಟದ ಅಳತೆ. ಅದರ ಎಡಗಡೆ ನೆಲದಲ್ಲಿ ಹಸಿರು ದಾರದ ತುಣುಕುಗಳು.

"ಹೊರಗಿನವರು ಯಾರು ಬಂದಿದ್ರು?"

"ಒಂದು ನರಪಿಳ್ಳೆಯೂ ಬಂದಿಲ್ಲ ಸರ್," ಎಂದ ಕಾವಲುಗಾರ.

"ಗೌನ್ ಬಿಚ್ಚೋದು ಹೇಗೆ?"

"ಬೆನ್ನಲ್ಲಿ ಜಿಪ್ ಇದೆ," ಎಂದ ವಿನ್ಯಾಸಕ.

"ಜಿಪ್ ಇರೋವಾಗ ಪಕ್ಕದ ಹೊಲಿಗೆ ಯಾಕೆ ಕತ್ತರಿಸಿದ್ರು?"

ಕಾನ್‌ಸ್ಟೆಬಲ್ ಗೋಡೆಯ ಮೇಲಿನ ನಟಿಯ ದೊಡ್ಡ ಚಿತ್ರ ನೋಡುತ್ತಿದ್ದಳು. "ಸರ್, ಆಯಮ್ಮ ಕೈ ಒತ್ಕೊಂಡಿರೋದೂ ಅದೇ ಪಕ್ಕ. ಅಕ್ಕನ ಮದುವೇಲಿ ನಾನೂ ಇದರ ನಕಲು ಹಾಕ್ಕೊಂಡು ಕೈ ಮುರಿದೋಳ ಹಾಗೆ ನಿಂತಿದ್ದೆ. ಊಟ ಮಾಡೋಕೂ ಉಸಿರು ಬರ್ಲಿಲ್ಲ!"

ಇನ್‌ಸ್ಪೆಕ್ಟರ್ ವಿನ್ಯಾಸಕನತ್ತ ತಿರುಗಿದರು. "ಆ ಕೈ ಕೆಳಗೆ ಏನಿತ್ತು?"

ವಿನ್ಯಾಸಕ ದನಿ ತಗ್ಗಿಸಿದ. "ಅವತ್ತು ಗೌನ್ ಅವಳಿಗೆ ಆಗ್ಲಿಲ್ಲ. ಪಕ್ಕ ಬಿಚ್ಚಿ ಒಂದು ಪಟ್ಟಿ ಸೇರಿಸಿದೆ. ಕೈಯಿಂದ ಮುಚ್ಕೋ ಅಂದೆ. ಆಮೇಲೆ ಪಟ್ಟೀನ ಒಳಗೆ ಮಡಚಿ ಹೊಲಿದುಬಿಟ್ಟೆ."

"ಫಲಕದಲ್ಲಿರೋ ಸೊಂಟದ ಅಳತೆ?"

"ಮಡಚಿದ ಮೇಲಿನದು."

"ಅಂದ್ರೆ ಆ ಅಳತೆ ಯಾರದ್ದೂ ಅಲ್ಲ. ಪಟ್ಟಿ ವಿಷಯ ಯಾರಿಗೆ ಗೊತ್ತು?"

"ನನಗೆ. ಅವಳಿಗೆ."

ಇನ್‌ಸ್ಪೆಕ್ಟರ್ ಕಾವಲುಗಾರನನ್ನು ದುರುಗುಟ್ಟಿ ನೋಡಿದರು. "ನಟಿ ಬಂದಿದ್ರಾ?"

"ನಿನ್ನೆ ಬಂದಿದ್ರು ಸರ್. ಒಬ್ಬಳೇ ನೋಡ್ತೀನಿ ಅಂದ್ರು, ಒಳಗೆ ಬಿಟ್ಟು ಬಾಗಿಲು ಹಾಕಿದೆ, ಹೋಗುವಾಗ ಚೀಲ ನೋಡ್ಲಿಲ್ಲ. ಮೇಡಂ ಹೊರಗಿನವರಾ? ಗೌನೇ ಅವರದ್ದಲ್ವಾ!"

ಮಧ್ಯಾಹ್ನ ನಟಿಯೇ ಮನೆಯ ಬಾಗಿಲು ತೆರೆದಳು. ಏನನ್ನೂ ಅಲ್ಲಗಳೆಯಲಿಲ್ಲ. ಒಳಕೋಣೆಯ ಹಾಸಿಗೆಯ ಮೇಲೆ ಗೌನ್ ಒಳಮೈ ಹೊರಗಾಗಿ ಹರಡಿತ್ತು. ಪಕ್ಕದಲ್ಲಿ ಹದಿನಾರರ ಮಗಳು. ಕೆನ್ನೆಯ ಮೂಳೆ ಎದ್ದಿತ್ತು, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಬ್ಯಾಂಡ್ ಇನ್ನೂ ಇತ್ತು. ಗೋಡೆಯಲ್ಲಿ ತಾಯಿಯ ಅದೇ ಚಿತ್ರ, ಕೆಳಗೆ ಹುಡುಗಿಯ ಕೈಬರಹದಲ್ಲಿ ಫಲಕದ ಅದೇ ಅಳತೆ.

"ಯಾಕೆ ತಂದ್ರಿ?"

"ಆ ಅಳತೆ ನಂದಲ್ಲ ಅಂತ ಇವಳಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. 'ನಾನು ತಿನ್ನಲಿ ಅಂತ ಸುಳ್ಳು ಬಿಡ್ತೀಯ' ಅಂದ್ಲು. ಹೊಲಿದವನ ಹತ್ರ ಗೌನ್ ಕೇಳಿದೆ, ಹೆಸರು ಹಾಳಾಗುತ್ತೆ ಅಂದ. ಪಟ್ಟಿ ಇನ್ನೂ ಇದೆಯಾ ಅಂತ ಅಲ್ಲೇ ಹೊಲಿಗೆ ಕತ್ತರಿಸಿ ನೋಡಿ ತಂದೆ. ಹೆಸರಂತೆ! ಊರ ಹೆಣ್ಣುಮಕ್ಕಳ ಹೊಟ್ಟೆಗೆ ಬೀಗ ಹಾಕಿದ ಹೆಸರು!"

ಮಗಳು ಗೌನಿನ ಬಿಚ್ಚಿದ ಪಟ್ಟಿಯ ಮೇಲೆ ಅಂಗೈ ಇಟ್ಟಳು. ಅಂಗೈಗಿಂತ ಪಟ್ಟಿಯೇ ಅಗಲವಿತ್ತು.

"ಅಮ್ಮಾ, ನಿಂಗೇ ಆಗ್ತಿರ್ಲಿಲ್ವಾ ಇದು?"

"ಇಲ್ಲ ಕಣೇ."

ಜಪ್ತಿ ಪಂಚನಾಮೆ ಬರೆಯುವಾಗ ಗೌನ್ ಗುರುತಿಸಲು ವಿನ್ಯಾಸಕನೂ ಬಂದ. 'ಎಡಪಕ್ಕದಲ್ಲಿ ಒಳಗೆ ಮಡಚಿದ್ದ, ಅಂಗೈಗಿಂತ ಅಗಲದ ಪಟ್ಟಿ' ಎಂಬ ಸಾಲು ಕಂಡು ಅದರ ಮೇಲೆ ಬೆರಳಿಟ್ಟ.

"ಇದೂ ಬೇಕಾ ಸರ್? ಕೋರ್ಟಲ್ಲಿ ಎಲ್ಲರೂ ಓದ್ತಾರೆ."

"ಓದಲಿ. ಮಾಲು ಹೇಗೆ ಸಿಕ್ಕಿತೋ ಹಾಗೇ ಬರೀತೀವಿ. ಕಳ್ಳತನದ ದೂರು ಕೊಟ್ಟೋರು ನೀವೇ ತಾನೆ?"

ಮಗಳನ್ನು ಚಿಕ್ಕಮ್ಮನಿಗೆ ಒಪ್ಪಿಸಿ ನಟಿಯನ್ನು ಬಂಧಿಸಿದರು. ಠಾಣೆಯಲ್ಲಿ ಫೋಟೊ ತೆಗೆಯಲು ಗೋಡೆಗೆ ನಿಲ್ಲಿಸಿದಾಗ ಅವಳ ಎಡಗೈ ತಾನಾಗಿ ಪಕ್ಕೆಗೆ ಒತ್ತಿಕೊಂಡಿತು.

"ಕೈ ಸಡಿಲ ಬಿಡಿ ಮೇಡಂ," ಎಂದಳು ಕಾನ್‌ಸ್ಟೆಬಲ್, "ಈಗ ಮುಚ್ಚೋದೇನಿದೆ?"

ನಟಿ ಕೈ ಇಳಿಬಿಟ್ಟಳು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಚಿಕ್ಕಮ್ಮ. ಹುಡುಗಿ ಅರ್ಧ ತಟ್ಟೆ ಅನ್ನ ತಿಂದಿದ್ದಾಳೆ, ಅಕ್ಕನಿಗೆ ತಿಳಿಸಬಹುದಾ ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಫೋನನ್ನೇ ನಟಿಯ ಕೈಗೆ ಕೊಟ್ಟರು.