ಶಾಲುವಿನ ಐದು ಕಲ್ಲು

"ಚಾಚಾ, ಅಲ್ಲಿ ಮೊಳಿ ಹೊಡೀಬ್ಯಾಡ್ರಿ. ಅದು ನನ್ನ ಕಲ್ಲು."

ಶಾಲು ಎರಡೂ ಕೈ ಚಾಚಿ, ಅಂಗಡಿಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಸೈಕಲ್ ಅಂಗಡಿಯ ಲಾಲ ಅಹ್ಮದನ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಹೊಸ ಬೋರ್ಡು. ಬೀದರ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಉರ್ದು ಬೋರ್ಡಿನ ಜೊತೆ ಕನ್ನಡದ್ದೂ ಒಂದಿರಲಿ ಎಂದು ಬರೆಸಿ ತಂದಿದ್ದ.

ಆ ಅಂಗಡಿ ಚಿದ್ರಿ ಊರಿನ ಹತ್ತು ಮನೆಯವರು ಪಾಲು ಹಾಕಿ ಕಟ್ಟಿಸಿದ್ದು. ಲಾಲ ಅಹ್ಮದ ತಿಂಗಳಿಗೊಮ್ಮೆ ಕೊಡುವ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಶಾಲುವಿನ ಅಜ್ಜಿ ಸುಭದ್ರಾಬಾಯಿ ದುಡ್ಡನ್ನೆಲ್ಲ ಒಂದೇ ಕಡೆ ಇಡುವವಳಲ್ಲ. ಸ್ವಲ್ಪ ಆಡಿನಲ್ಲಿ, ಸ್ವಲ್ಪ ಕೋಳಿಯಲ್ಲಿ, ಸ್ವಲ್ಪ ಬೆಳ್ಳಿ ಕಡಗದಲ್ಲಿ.

"ಆಡಿಗೆ ಬ್ಯಾನಿ ಬರ್ತದ, ಕೋಳಿನ್ನ ಬೆಕ್ಕು ಒಯ್ತದ. ಒಂದೀಟು ಕಲ್ಲಿನಾಗೂ ಇರ್ಲಿ," ಎಂದು ಅವಳೂ ಪಾಲು ಹಾಕಿದಳು. ಶಾಲು ಮೊಟ್ಟೆ ಮಾರಿ ಕೂಡಿಸಿದ್ದ ಐದು ರೂಪಾಯಿಯೂ ಅದರಲ್ಲಿ ಸೇರಿತು. ತನಗೇನು ಬಂತು ಎಂದು ಅವಳು ಕೇಳಿದಾಗ ಅಜ್ಜಿ ನಗುತ್ತ, ಐದು ಕಲ್ಲು ನಿನ್ನವು ಎಂದುಬಿಟ್ಟಳು.

ಅಜ್ಜಿ ಹೇಳಿ ಮರೆತಳು. ಶಾಲು ಮರೆಯುವವಳೇ? ಬಾಗಿಲ ಪಕ್ಕದ ಐದು ಚೆಂದದ ಕೆಂಪು ಕಲ್ಲು ಆರಿಸಿ, ಶಾಲೆಯಲ್ಲಿ ಹೊಸದಾಗಿ ಕಲಿತ ಕನ್ನಡದಲ್ಲಿ ಸುಣ್ಣದಿಂದ ಒಂದೊಂದರ ಮೇಲೂ ತನ್ನ ಹೆಸರು ಬರೆದಳು. ದಿನವೂ ಶಾಲೆ ಬಿಟ್ಟೊಡನೆ ಕಾವಲಿಗೆ ಹಾಜರು. ಗೋಡೆಗೆ ಸೈಕಲ್ ಒರಗಿಸಿದವರಿಗೆಲ್ಲ ಬೈಗುಳ. ಪೋಸ್ಟಮನ್ನನನ್ನೂ ಬಿಡಲಿಲ್ಲ.

"ಮಾಲಕಿನ್ ಸಾಹೇಬಾ, ಬೋರ್ಡಿಗೂ ಜಾಗಾ ಇಲ್ಲ, ಗಿರಾಕಿಗೂ ಜಾಗಾ ಇಲ್ಲ. ನಾ ಬ್ಯಾರೆ ಅಂಗಡಿ ನೋಡ್ಕೋತೇನಿ," ಎಂದ ಲಾಲ ಅಹ್ಮದ. ದಿನವೂ ನಕ್ಕು ಬಿಡುತ್ತಿದ್ದವನು ಈ ಸಲ ನಗಲಿಲ್ಲ. ಬೀಗ ಜಡಿದು ಹೊರಟೇಹೋದ.

ಶಾಲುವಿಗೆ ಕೋಟೆ ಗೆದ್ದಷ್ಟು ಖುಷಿ. ಎರಡು ದಿನ ಹೆಸರು ಅಳಿಸದಂತೆ ಕಲ್ಲು ಒರೆಸಿದ್ದೇ ಒರೆಸಿದ್ದು.

ಮೂರನೆಯ ದಿನ ಒಂದನೇ ತಾರೀಖು. ಮುದುಕಿ ಸುಂದರಬಾಯಿ ಚೀಲ ಹಿಡಿದು ಬಂದಳು. ಇದ್ದೆರಡು ಬಳೆ ಮಾರಿ ಪಾಲು ಹಾಕಿದವಳು ಅವಳು. ಬಾಡಿಗೆ ಬಂದರೆ ಮಾತ್ರ ಅವಳ ಮನೆಗೆ ಜೋಳ. ಬೀಗ ನೋಡಿ, ಲಾಲ ಅಹ್ಮದ ಯಾವಾಗ ಬರುತ್ತಾನೆ ಎಂದು ಕೇಳಿದಳು. ಅಂಗಡಿ ಬಿಟ್ಟು ಹೋದ ಎಂದಳು ಶಾಲು. ಮುದುಕಿ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಶಾಲುವಿಗೆ ಬಹಳ ನಾಚಿಕೆಯಾಯಿತು.

ಮನೆಗೆ ಓಡಿ ಎಲ್ಲವನ್ನೂ ಹೇಳಿದಳು. ಅಜ್ಜಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು.

"ಇಷ್ಟು ದಿನ ಕಾದಿಯಲ್ಲ, ನಿನ್ನ ಕಲ್ಲು ಎಷ್ಟು ತತ್ತಿ ಇಟ್ಟಾವು?"

ಶಾಲು ಬಂದ ಕಾಲಲ್ಲೇ ಲಾಲ ಅಹ್ಮದನ ಮನೆಗೆ ಹೋದಳು. ತಪ್ಪಾಯಿತು ಎಂದಳು. ಸುಂದರಬಾಯಿಯ ಚೀಲದ ಸಂಗತಿಯನ್ನೂ ಹೇಳಿದಳು. ಅವನು ಬೀಗದ ಕೈ, ಸುತ್ತಿಗೆ, ಬೋರ್ಡು ತೆಗೆದುಕೊಂಡು ಎದ್ದ.

ಅಂಗಡಿಯ ಮುಂದೆ ಶಾಲು ಐದೂ ಕಲ್ಲು ತಟ್ಟಿ ನೋಡಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ತೋರಿಸಿದಳು.

"ಇಲ್ಲಿ ಹೊಡೀರಿ, ಚಾಚಾ."

ಮೊಳೆ ಇಳಿದಂತೆ ಕೆಂಪು ಪುಡಿ ಉದುರಿತು. ಶಾಲು ಒಮ್ಮೆ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವಳ ಮೂರು ಹೆಸರು ಬೋರ್ಡಿನ ಹಿಂದೆ ಹೋಗಿದ್ದವು.

ಅಷ್ಟರಲ್ಲಿ ಪೋಸ್ಟಮನ್ ಬಂದ. ಶಾಲುವನ್ನು ಕಂಡವನೇ ಸೈಕಲ್ ಸಮೇತ ಹಿಂದೆ ಸರಿದ. ಅವಳು ಹೋಗಿ ಹ್ಯಾಂಡಲ್ ಹಿಡಿದು, ಸೈಕಲ್ಲನ್ನು ತಾನೇ ತಂದು ತನ್ನ ಕಲ್ಲಿಗೆ ಒರಗಿಸಿದಳು.