ತಟ್ಟೆಗೆ ಸುರಿದ ಸಕ್ಕರೆ

ಡಬ್ಬಿ ತೆರೆದೆ. ನೀರಿತ್ತು, ಹಲ್ಲಿರಲಿಲ್ಲ.

ಡಬ್ಬಿ ಅದೇ. ಮುಚ್ಚಳದ ಮೇಲೆ ನನ್ನದೇ ಕೈಬರಹದಲ್ಲಿ ‘ಅಕೇಯೋ’ ಎಂದಿತ್ತು. ಬೆಳಿಗ್ಗೆ ಆಸ್ಪತ್ರೆಗೆ ಬಂದವಳೇ ಕಣ್ಣಾರೆ ನೋಡಿದ್ದೆ — ಮೇಲಿನ ಸಾಲಿಗೆ ಕಟ್ಟಿಸಿದ ಮೂರು ಕೃತಕ ಮುಂಹಲ್ಲು, ಗುಲಾಬಿ ಬಣ್ಣದ ವಸಡಿನ ಸಮೇತ. ಈಗ ಎಲ್ಲಿ?

ಅಕೇಯೋ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಬಾಗಿಲನ್ನೇ ನೋಡುತ್ತಿದ್ದಳು. ಅವಳನ್ನು ನಾನು ಮಲಗಿಸುವುದಿಲ್ಲ. ಮುಖದ ಮೇಲೆ ಯಾರದಾದರೂ ಕೈ ಬಂದರೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಅವಳು ಬೆರಳೆತ್ತಿದರೆ ನಾನು ನಿಲ್ಲಿಸಬೇಕು, ಬಾಗಿಲು ತೆರೆದೇ ಇರಬೇಕು — ಇದು ನಮ್ಮ ಒಪ್ಪಂದ. ಆರು ತಿಂಗಳಾಯಿತು, ಬಾಯಿಗೆ ಅಡ್ಡ ಹಿಡಿದ ಸೆರಗನ್ನು ನನ್ನೆದುರು ಮಾತ್ರ ಸರಿಸುತ್ತಾಳೆ.

"ಇಲ್ವಾ?" ಎಂದಳು.

"ಹುಡುಕ್ತೀನಿ."

"ಸೋಮವಾರ ಕೋರ್ಟು, ಡಾಕ್ಟ್ರೇ. ಹಲ್ಲಿಲ್ದೆ ಆ ಜನರ ಮುಂದೆ ನಾನು ಬಾಯಿ ತೆಗೆಯಲ್ಲ."

ತೆಗೆಯುವುದಿಲ್ಲ ಎಂದರೆ ತೆಗೆಯುವುದಿಲ್ಲ. ಹೋದ ಸಲವೂ ಹಾಗೇ ಆಗಿತ್ತು. ಸಾಕ್ಷಿ ಮಾತಾಡದಿದ್ದರೆ ಕೇಸು ಮುಚ್ಚುತ್ತೇನೆ ಎಂದು ನ್ಯಾಯಾಧೀಶರು ಹೇಳಿಯಾಗಿದೆ. ಮುಚ್ಚಿದರೆ ಅವಳ ಗಂಡ ಒಗೊಲ್ಲಾ ಈ ಕಿಸುಮು ಊರ ತುಂಬ ಎದೆಯುಬ್ಬಿಸಿಕೊಂಡು ಓಡಾಡುತ್ತಾನೆ, ಇವಳು ಬದುಕಿರುವಷ್ಟು ದಿನ ಅಡಗಿ ಕೂರಬೇಕು. ಇನ್ನೊಂದು ಸೆಟ್ಟು ಮಾಡಿಸೋಣವೆಂದರೆ ಅದು ನೈರೋಬಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎನ್ನುವ ಗಾದೆಯನ್ನು ನಮ್ಮ ಕೇಸು ನೋಡಿಯೇ ಕಟ್ಟಿದಂತಿತ್ತು.

ಗೇಟು ಹಾಕಿಸಿ ಠಾಣೆಗೆ ಫೋನು ಮಾಡಿದೆ. ಮಹಿಳಾ ವಿಭಾಗದ ಕಾರ್ಪೊರಲ್ ನಾಸಿಮಿಯು ಬಂದಳು. ಗಟ್ಟಿ ಹೆಂಗಸು, ಮಾತು ಕಡಿಮೆ.

"ನಿಮ್ಮ ಠಾಣೆಯವ್ರು ಅವಳ ಗಾಯದ ಫೋಟೋ ಕಳೆದ್ರು. ಈಗ ನಾನು ಹಲ್ಲು ಕಳೆದೆ. ಎಲ್ಲ ಸೇರಿ ಅವನಿಗೆ ಹಾರ ಹಾಕೋಣ ಬನ್ನಿ!" ಎಂದು ರೇಗಿದೆ.

"ರೇಗಿ, ಪರವಾಗಿಲ್ಲ," ಎಂದಳು ಅವಳು. "ಬೆಳಿಗ್ಗೆಯಿಂದ ಯಾರ್ಯಾರು ಒಳಗಿದ್ರು?"

ಮೂವರು. ನನ್ನ ನರ್ಸ್ ಜೆರೋಟಿಚ್. ಅಕೇಯೋಳನ್ನು ಕರೆತಂದ ದೋರ್ಸಿಲಾ ಅಮ್ಮ — ಹೊಡೆತ ತಿಂದು ಬಂದ ಹೆಂಗಸರ ಆಶ್ರಯಮನೆಯನ್ನು ನಡೆಸುವವರು. ಮತ್ತೆ ಹಲ್ಲುನೋವು ಎಂದು ಬಂದ ಊಮಾ, ಒಗೊಲ್ಲಾನ ತಮ್ಮ! ಅವನ ದನಿ ಕೇಳಿದ್ದೇ ಜೆರೋಟಿಚ್ ಅಕೇಯೋಳನ್ನು ಎಕ್ಸ್‌ರೇ ಕೋಣೆಯಲ್ಲಿ ಬಚ್ಚಿಟ್ಟಿದ್ದಳು. ದೋರ್ಸಿಲಾ ಅಮ್ಮ ಅಡುಗೆಕೋಣೆಯಲ್ಲಿ ಎಲ್ಲರಿಗೂ ಚಹಾ ಕಾಯಿಸುತ್ತಿದ್ದರು. ಹಲ್ಲಿನ ಡಬ್ಬಿಯಿದ್ದ ಕಪಾಟು ಅದರ ಪಕ್ಕದ, ರೋಗಿಗಳು ಕಾಯುವ ಕೋಣೆಯಲ್ಲಿ. ಆಮೇಲೆ ಬಂದ ಊಮಾ ಕೂತಿದ್ದೂ ಅಲ್ಲೇ.

ಇನ್ನೇನು ಬೇಕು? ಕಳ್ಳ ಕೈಯಲ್ಲೇ ಇದ್ದಾನೆ ಅನ್ನಿಸಿತು.

"ಯಾವ ಹಲ್ಲಪ್ಪ ನೋವು?" ನಾಸಿಮಿಯು ಕೇಳಿದಳು.

ಊಮಾ ಎಡಗೆನ್ನೆ ಮುಟ್ಟಿದ.

"ಬೆಳಿಗ್ಗೆ ಬಲಗಡೆ ಅಂದಿದ್ಯಲ್ಲೋ!" ಎಂದೆ.

"ನೋವು ಆ ಕಡೆಯಿಂದ ಈ ಕಡೆ ಬಂತು ಡಾಕ್ಟ್ರೇ."

"ನಡ್ಕೊಂಡು ಬಂತೋ, ಬಸ್ ಹತ್ತಿ ಬಂತೋ?" ನಾಸಿಮಿಯು ಹತ್ತಿರ ಸರಿದಳು. "ಯಾಕೆ ಬಂದೆ?"

ಅವನ ಮುಖ ಇಳಿಯಿತು. "ಅಣ್ಣ ಕಳಿಸ್ದ. ಅತ್ತಿಗೆ ಇಲ್ಲಿಗೆ ಬರ್ತಾಳಾ ನೋಡ್ಕೊಂಡು ಬಾ ಅಂದ. ಹಲ್ಲು ಗಿಲ್ಲು ನನಗೊತ್ತಿಲ್ಲ. ಸೋಡಾ ಬಾಟ್ಲಿ ಕಚ್ಚಿ ಅವಳೇ ಮುರ್ಕೊಂಡಿದ್ದು, ನಮ್ಮ ಮೇಲೆ ಯಾಕೆ ಹಾಕ್ತೀರಿ?"

"ಈ ಊರಲ್ಲಿ ಬಾಟ್ಲಿನ ದವಡೆಹಲ್ಲಲ್ಲಿ ತೆಗೀತಾರೆ ಕಣೋ! ಮುಂಹಲ್ಲು ಮೂರೂ ಹೋಗೋದು ಮುಷ್ಟಿಯಿಂದ!" ಎಂದು ಕೂಗಿದೆ. ಕೂಗಿ ಏನು ಫಲ? ಅವನ ಜೇಬಿನಲ್ಲಿ ಸಿಕ್ಕಿದ್ದು ಒಂದು ಹಿಡಿ ಕಡಲೆಕಾಯಿ ಮಾತ್ರ.

ಗಂಟಲು ಒಣಗಿ ಅಡುಗೆಕೋಣೆಗೆ ಹೋದೆ. ಸಕ್ಕರೆ ಒಂದು ತಟ್ಟೆಯಲ್ಲಿ ಗುಡ್ಡೆಯಾಗಿತ್ತು, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು.

"ಜೆರೋಟಿಚ್, ಇರುವೆಗೆ ಔತಣ ಇಟ್ಟಿದ್ದೀಯಾ?"

"ನಾನಲ್ಲ ಡಾಕ್ಟ್ರೇ. ಸಕ್ಕರೆ ಡಬ್ಬಿನೇ ಕಾಣ್ತಿಲ್ಲ."

"ಹಾಳಾಗಿ ಹೋಗಲಿ ಡಬ್ಬಿ!" ಎಂದೆ.

ನಾಸಿಮಿಯು ಬಾಗಿಲಲ್ಲೇ ನಿಂತಳು. "ಎಂಥ ಡಬ್ಬಿ? ಮುಚ್ಚಳ ಬಿಗಿಯಾಗಿತ್ತಾ?"

"ಹಲ್ಲು ಹೋಗಿದೆ ಅಂದ್ರೆ ನೀವು ಸಕ್ಕರೆ ಡಬ್ಬಿ ವಿಚಾರಿಸ್ತೀರಲ್ಲ!"

"ಬಿಗಿಯಾಗಿತ್ತಾ, ಹೇಳಿ."

"ಒಂದು ತೊಟ್ಟು ನೀರು ಆಚೆ ಬರಲ್ಲ. ಯಾಕೆ?"

ಅವಳು ಎಲ್ಲರನ್ನೂ ಕರೆದು ಕೂರಿಸಿದಳು.

"ಹಲ್ಲು ತಗೊಂಡವರು ಅದರ ಡಬ್ಬಿ ಮುಚ್ಚಿ ಅಲ್ಲೇ ಬಿಟ್ಟಿದ್ದಾರೆ, ಬೇಗ ಗೊತ್ತಾಗದಿರಲಿ ಅಂತ. ಹಾಳು ಮಾಡೋರಾದ್ರೆ ಜೇಬಿಗೆ ಹಾಕ್ಕೊಂಡು ಹೋಗಿ ಸರೋವರಕ್ಕೆ ಎಸೀತಿದ್ರು. ಊಮಾಗೆ ಸಕ್ಕರೆ ಡಬ್ಬಿ ಯಾಕೆ? ಡಾಕ್ಟ್ರೇ, ಈ ಹಲ್ಲು ಒಣಗಿದ್ರೆ ಏನಾಗುತ್ತೆ?"

"ಸೊಟ್ಟಗಾಗುತ್ತೆ. ಆಮೇಲೆ ಬಾಯಿಗೆ ಕೂರಲ್ಲ."

"ಹಾಗಾದ್ರೆ ಕದ್ದವರಿಗೆ ಅದು ಗೊತ್ತಿತ್ತು. ಹಾಳಾಗಬಾರದು, ವಾಪಸ್ ಕೊಡಬೇಕು ಅಂತಲೂ ಇತ್ತು. ಜೆರೋಟಿಚ್‌ಗೂ ಗೊತ್ತು, ಆದ್ರೆ ಅವಳ ಬೀರು ತುಂಬ ಇಂಥದ್ದೇ ಖಾಲಿ ಡಬ್ಬಿಗಳಿವೆ. ಅಡುಗೆಕೋಣೆಯಲ್ಲಿದ್ದವರಿಗೆ ಸಿಕ್ಕಿದ್ದು ಸಕ್ಕರೆ ಡಬ್ಬಿ. ಕಳ್ಳತನದ ಅವಸರದಲ್ಲೂ ಸಕ್ಕರೆ ಚೆಲ್ಲಲಿಲ್ಲ, ತಟ್ಟೆಗೆ ಸುರಿದು ಮುಚ್ಚಿಟ್ರು. ಹತ್ತಾರು ಹೊಟ್ಟೆ ಹೊರೆಯೋರ ಕೈ ಅದು." ಅವಳ ದನಿ ತಗ್ಗಿತು. "ದೋರ್ಸಿಲಾ ಅಮ್ಮ, ಚೀಲ ತೆಗೀರಿ."

ದೋರ್ಸಿಲಾ ಅಮ್ಮ ತಲೆ ಎತ್ತಲಿಲ್ಲ. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನೀರು ಕುಲುಕಿತು.

"ನಮ್ಮೂರ ಹಿರಿಯರ ಮುಂದೆ ಹೋಗೋವಾಗ ಹೊಡೆಸಿಕೊಂಡೋಳು ಮುಖ ಸಹ ತೊಳೀತಿರಲಿಲ್ಲ," ಎಂದರು. "ರಕ್ತ ನೋಡಿಯೇ ನ್ಯಾಯ ಹೇಳ್ತಿದ್ರು. ಫೋಟೋನೂ ಇಲ್ಲ. ಹೊಳೆಯೋ ಹಲ್ಲಿಟ್ಕೊಂಡು ನಿಂತ್ರೆ ಇವಳನ್ನ ಯಾರು ನಂಬ್ತಾರೆ? ಸೋಮವಾರ ಸಂಜೆ ನಾನೇ ತಂದಿಡ್ತಿದ್ದೆ ಕಣಮ್ಮ."

ಬೈದವಳು ಅಕೇಯೋ. ಸೆರಗು ಕೆಳಗೆ ಜಾರಿತ್ತು, ಅವಳು ಅದನ್ನು ಗಮನಿಸಲಿಲ್ಲ.

"ಅವನು ಕೇಳದೆ ಮುರಿದ. ನೀನು ಕೇಳದೆ ತಗೊಂಡೆ. ಬಾಯಿ ಯಾರದಮ್ಮ? ಒಂದು ಮಾತು ಕೇಳಬಾರದಿತ್ತಾ?"

ದೋರ್ಸಿಲಾ ಅಮ್ಮ ಅತ್ತರು. ಅಕೇಯೋ ಡಬ್ಬಿಯನ್ನು ಎದೆಗವಚಿಕೊಂಡು ಹೊರಟಳು. ಸಕ್ಕರೆ ಡಬ್ಬಿ ವಾಪಸ್ ಕೊಡು ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ.

ಸೋಮವಾರ ಅವಳು ಹಲ್ಲಿಟ್ಟುಕೊಂಡೇ ನಿಂತಳು, ಎಲ್ಲವನ್ನೂ ತಡವರಿಸದೆ ಹೇಳಿದಳು. ದೋರ್ಸಿಲಾ ಅಮ್ಮ ಹೆದರಿದ್ದೂ ಸುಳ್ಳಾಗಲಿಲ್ಲ. ಒಗೊಲ್ಲಾನ ವಕೀಲ ನಕ್ಕು ಕೇಳಿದ: "ಇಷ್ಟು ಚೆಂದದ ಹಲ್ಲಿರೋ ಹೆಂಗಸಿಗೆ ಬಿದ್ದ ಏಟಾದ್ರೂ ಯಾವುದಮ್ಮ?"

ಅಕೇಯೋ ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ಹಲ್ಲು ತೆಗೆದಳು, ಸಕ್ಕರೆ ಡಬ್ಬಿಯೊಳಗೆ ಹಾಕಿದಳು, ನ್ಯಾಯಾಧೀಶರ ಮುಂದಿಟ್ಟಳು. ಆಮೇಲೆ ಒಗೊಲ್ಲಾನ ಕಡೆ ಬೆರಳು ತೋರಿಸಿ, ಸೆರಗಿಲ್ಲದೆ, ಬಾಯಿ ತುಂಬ ತೆರೆದು ಹೇಳಿದಳು:

"ಡಬ್ಬೀಲಿರೋದು ಡಾಕ್ಟ್ರು ಕೊಟ್ಟಿದ್ದು, ಸ್ವಾಮಿ. ಈ ಕಂಡಿ ಇವನು ಕೊಟ್ಟಿದ್ದು."